ಇಂಗ್ಲಿಷ್ ಮೇಷ್ಟ್ರ ಕನ್ನಡ ಕಾದಂಬರಿ: ಅಧ್ಯಯನ ಮಂಡಳಿಗೆ ಒಂದು ಬಹಿರಂಗ ಪತ್ರ

ಗೆ,
ಅಧ್ಯಕ್ಷರು ಮತ್ತು ಸರ್ವ ಸದಸ್ಯರು,
ಸ್ನಾತಕ ಕನ್ನಡ ಅಧ್ಯಯನ ಮಂಡಳಿ.

ವಿಷಯ: ಪದವಿ ಪಠ್ಯಪುಸ್ತಕದಲ್ಲಿ ಡಾ. ಯು.ಆರ್. ಅನಂತಮೂರ್ತಿಯವರ ಪರಿಚಯದಲ್ಲಿರುವ ತಪ್ಪನ್ನು ತಿದ್ದುವ ಹಾಗೂ 'ಸಂಸ್ಕಾರ' ಕಾದಂಬರಿಯನ್ನು ಇಡಿಯಾಗಿ ಪಠ್ಯಕ್ಕೆ ಮರಳಿಸುವ ಬಗ್ಗೆ.

ಮಾನ್ಯರೇ,

ಕಳೆದ ಸೆಮಿಸ್ಟರಿನ ಮೌಲ್ಯಮಾಪನದಲ್ಲಿ ನನ್ನ ಪಾಲಿಗೆ ಬಂದ ಉತ್ತರಪತ್ರಿಕೆಗಳ ಕಟ್ಟಿನಲ್ಲಿದ್ದ ಒಂದು ಸಾಲು ಈ ಪತ್ರಕ್ಕೆ ಕಾರಣ. ಅನಂತಮೂರ್ತಿಯವರು ಯಾವ ವಿಷಯದ ಪ್ರಾಧ್ಯಾಪಕರಾಗಿದ್ದರು ಎಂಬುದು ಒಂದು ಅಂಕದ ಪ್ರಶ್ನೆ. ಆ ವಿದ್ಯಾರ್ಥಿ, ಅಥವಾ ವಿದ್ಯಾರ್ಥಿನಿ, ನೀಲಿ ಶಾಯಿಯಲ್ಲಿ ಗುಂಡಗೆ ಬರೆದಿದ್ದ ಉತ್ತರ: 'ಇಂಗ್ಲಿಷ್. ಆದರೆ ಬರೆದದ್ದು ಕನ್ನಡದಲ್ಲಿ.' ಕೇಳಿದ್ದಕ್ಕಿಂತ ಒಂದು ವಾಕ್ಯ ಹೆಚ್ಚೇ ಇದ್ದ ಆ ಉತ್ತರವನ್ನು ನೋಡಿ ಸಂತೋಷದಿಂದ ಪೂರ್ಣ ಅಂಕ ಹಾಕಿದೆ. ಆದರೆ ಮೇಜಿನ ಮೇಲಿದ್ದ ಮಾದರಿ ಉತ್ತರದ ಹಾಳೆಯಲ್ಲಿ 'ಕನ್ನಡ' ಎಂದು ಅಚ್ಚಾಗಿತ್ತು. ಅದನ್ನು ಮೇಲ್ವಿಚಾರಕರ ಗಮನಕ್ಕೆ ತಂದಾಗ ಅವರು ಬೇಸರವಿಲ್ಲದೆ, ನಗುತ್ತಲೇ ಹೇಳಿದರು: "ಸ್ಕೀಮ್‌ನಲ್ಲಿ ಏನಿದೆಯೋ ಅದಕ್ಕೆ ಮಾರ್ಕ್ಸ್ ಕೊಡಿ ಮೇಡಂ, ನಾವಿಲ್ಲಿ ಪಠ್ಯ ತಿದ್ದೋದಕ್ಕೆ ಬಂದಿಲ್ಲ." ನಾನು ಕೊಟ್ಟಿದ್ದ ಅಂಕವನ್ನು ನನ್ನ ಕೈಯಿಂದಲೇ ಹೊಡೆಸಲಾಯಿತು.

ಅವರ ಮೇಲೆ ನನಗೆ ದೂರಿಲ್ಲ. ಮಾದರಿ ಉತ್ತರ ಪಠ್ಯಪುಸ್ತಕಕ್ಕೆ ನಿಷ್ಠವಾಗಿಯೇ ಇತ್ತು. ತಪ್ಪಿರುವುದು ತಮ್ಮ ಮಂಡಳಿ ಸಿದ್ಧಪಡಿಸಿದ ಪಠ್ಯಪುಸ್ತಕದಲ್ಲಿ. ಅದರ ಹನ್ನೊಂದು ಸಾಲುಗಳ 'ಲೇಖಕರ ಪರಿಚಯ'ದಲ್ಲಿ ಅನಂತಮೂರ್ತಿಯವರು 'ಕನ್ನಡ ಪ್ರಾಧ್ಯಾಪಕರಾಗಿ ಸೇವೆ ಸಲ್ಲಿಸಿದರು' ಎಂದಿದೆ. ಆ ಹನ್ನೊಂದು ಸಾಲುಗಳಲ್ಲಿ ಏಳು ಸಾಲು ಪ್ರಶಸ್ತಿ ಮತ್ತು ಪದವಿಗಳ ಪಟ್ಟಿ. ಹುಟ್ಟಿದ ಊರು, ಮಡಿದ ದಿನ, ಕೃತಿಗಳ ಹೆಸರು ಮಿಕ್ಕ ಸಾಲುಗಳಲ್ಲಿ ಮುಗಿದುಹೋಗಿವೆ.

ಇದೊಂದು ಕೈತಪ್ಪು, ಮುಂದಿನ ಮುದ್ರಣದಲ್ಲಿ ಒಂದು ಪದ ಬದಲಿಸಿದರಾಯಿತು ಎಂದು ತಮಗೆ ಅನ್ನಿಸಬಹುದು. ಬೇರೆ ಲೇಖಕರ ವಿಚಾರದಲ್ಲಾಗಿದ್ದರೆ ನಾನೂ ಹಾಗೆಯೇ ಅಂದುಕೊಂಡು ತರಗತಿಯಲ್ಲಿ ಬಾಯಿಮಾತಿನಲ್ಲಿ ತಿದ್ದಿ ಸುಮ್ಮನಾಗುತ್ತಿದ್ದೆ. ಆದರೆ ಅನಂತಮೂರ್ತಿಯವರ ಬದುಕಿನಿಂದ ಆ ಒಂದು ಪದವನ್ನು ಕಿತ್ತರೆ ಅವರ ಕಥೆ, ಕಾದಂಬರಿ, ವಿಮರ್ಶೆ ಯಾವುದೂ ನೆಲದ ಮೇಲೆ ನಿಲ್ಲುವುದಿಲ್ಲ. ಹಗಲು ಇಂಗ್ಲಿಷ್ ಸಾಹಿತ್ಯ ಪಾಠ ಮಾಡಿ, ಬರೆಯಲು ಕೂತಾಗ ಕನ್ನಡಕ್ಕೆ ಮರಳುತ್ತಿದ್ದ ಮನುಷ್ಯ ಅವರು. ಆ ಎರಡರ ನಡುವಿನ ಎಳೆದಾಟವೇ ಅವರ ಬರಹದ ಮೂಲದ್ರವ್ಯ.

ತಾವು ತಿಳಿದವರು. ಆದರೂ ಪಠ್ಯಪುಸ್ತಕದ ಪರಿಚಯ ಬಿಟ್ಟುಬಿಟ್ಟದ್ದನ್ನು ದಾಖಲೆಗಾಗಿಯಾದರೂ ಇಲ್ಲಿ ಹೇಳಬೇಕಾಗಿದೆ. 1932ರ ಡಿಸೆಂಬರ್ 21ರಂದು ತೀರ್ಥಹಳ್ಳಿ ತಾಲ್ಲೂಕಿನ ಮೇಳಿಗೆಯಲ್ಲಿ ಹುಟ್ಟಿದ ಹುಡುಗ ಮೊದಲು ಕಲಿತದ್ದು ದೂರ್ವಾಸಪುರದ ಸಂಸ್ಕೃತ ಪಾಠಶಾಲೆಯಲ್ಲಿ. ಅಲ್ಲಿಂದ ತೀರ್ಥಹಳ್ಳಿ, ಶಿವಮೊಗ್ಗದ ಸಮಾಜವಾದಿ ಗೆಳೆಯರ ಸಹವಾಸ, ಬಳಿಕ ಮೈಸೂರು, ಇಂಗ್ಲಿಷ್ ಎಂ.ಎ. ಮೊದಲ ಕಥಾಸಂಕಲನ 1955ರಲ್ಲಿಯೇ ಬಂದಿತ್ತು. ಇಂಗ್ಲಿಷ್ ಅಧ್ಯಾಪಕರಾದ ಮೇಲೆ ಕಾಮನ್‌ವೆಲ್ತ್ ವಿದ್ಯಾರ್ಥಿವೇತನ ಪಡೆದು ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯಕ್ಕೆ ಹೋದರು. ಅಲ್ಲಿ ಅವರು ಸಂಶೋಧನೆಗೆ ಆರಿಸಿಕೊಂಡದ್ದು 1930ರ ದಶಕದ ಇಂಗ್ಲಿಷ್ ಕಾದಂಬರಿ ಮತ್ತು ರಾಜಕೀಯದ ಸಂಬಂಧವನ್ನು, ವಿಶೇಷವಾಗಿ ಕ್ರಿಸ್ಟೋಫರ್ ಇಶರ್‌ವುಡ್ ಮತ್ತು ಎಡ್ವರ್ಡ್ ಅಪ್‌ವರ್ಡ್ ಅವರ ಬರಹವನ್ನು. 1966ರಲ್ಲಿ ಡಾಕ್ಟರೇಟ್ ಬಂತು. ಅದಕ್ಕೆ ಒಂದು ವರ್ಷ ಮೊದಲೇ, 1965ರಲ್ಲಿ, 'ಸಂಸ್ಕಾರ' ಪ್ರಕಟವಾಗಿತ್ತು. ಅಂದರೆ ಇಂಗ್ಲೆಂಡಿನ ಗ್ರಂಥಾಲಯದಲ್ಲಿ ಇಂಗ್ಲಿಷ್ ಕಾದಂಬರಿಗಳ ಬಗ್ಗೆ ಪ್ರಬಂಧ ಬರೆಯುತ್ತಿದ್ದ ಕೈಯೇ ಮಲೆನಾಡಿನ ಅಗ್ರಹಾರವೊಂದರ ಹೆಣದ ಸುತ್ತ ಕನ್ನಡದಲ್ಲಿ ಕಾದಂಬರಿ ಹೆಣೆಯುತ್ತಿತ್ತು.

ಆ ಕಾದಂಬರಿ ಹುಟ್ಟಿದ ಬಗೆಯನ್ನು ಅವರೇ ಹಲವು ಕಡೆ ಹೇಳಿಕೊಂಡಿದ್ದಾರೆ. ತಮ್ಮ ಗುರು, ಸ್ವತಃ ಕಾದಂಬರಿಕಾರರೂ ಆಗಿದ್ದ ಮಾಲ್ಕಮ್ ಬ್ರಾಡ್ಬರಿಯವರ ಜೊತೆ ಅವರು ನಿರ್ದೇಶಕ ಬರ್ಗ್‌ಮನ್‌ನ 'ದಿ ಸೆವೆಂತ್ ಸೀಲ್' ಚಿತ್ರ ನೋಡಲು ಹೋದರು. ಸ್ವೀಡಿಷ್ ಚಿತ್ರ, ಕೆಳಗೆ ಅನುವಾದದ ಸಾಲುಗಳಿರಲಿಲ್ಲ. ಮಾತು ಅರ್ಥವಾಗದೆಯೇ ನೋಡಿದ ಆ ಚಿತ್ರದಲ್ಲಿ ಮಧ್ಯಯುಗದ ಯುರೋಪಿನಲ್ಲಿ ಹಬ್ಬಿದ ಪ್ಲೇಗು ಇತ್ತು. ತಾವು ಬಾಲ್ಯದಲ್ಲಿ ಕಂಡಿದ್ದ ಮಲೆನಾಡಿನ ಪ್ಲೇಗು ಅವರಿಗೆ ನೆನಪಾದದ್ದು ಅಲ್ಲಿ. ಪರಭಾಷೆಯ ಚಿತ್ರ, ಪರದೇಶದ ಊರು, ಪಕ್ಕದಲ್ಲಿ ಇಂಗ್ಲಿಷ್ ಗುರು. ಬರೆಯಲು ಹೊಳೆದದ್ದು ಮಾತ್ರ ಮೇಳಿಗೆಯ ಆಸುಪಾಸು. ತರಗತಿಯಲ್ಲಿ ಇದನ್ನು ಹೇಳಿದಾಗ ಮಕ್ಕಳ ಕಣ್ಣು ಅರಳುವುದನ್ನು ನಾನು ಪ್ರತಿ ವರ್ಷ ನೋಡಿದ್ದೇನೆ. ಅವರೂ ಊರು ಬಿಟ್ಟು ಹಾಸ್ಟೆಲಿನಲ್ಲಿ ಇರುವವರೇ ತಾನೆ? ಏಳು ಸಾಲಿನ ಪ್ರಶಸ್ತಿ ಪಟ್ಟಿ ಓದುವಾಗ ಆ ಕಣ್ಣುಗಳಲ್ಲಿ ಏನೂ ಆಗುವುದಿಲ್ಲ.

ಇಂಗ್ಲಿಷ್ ಮೇಷ್ಟರು ಕನ್ನಡ ಬರೆದದ್ದು ಅನಂತಮೂರ್ತಿಯವರೊಬ್ಬರ ವಿಚಿತ್ರವಲ್ಲ ಎಂಬುದೂ ನಮ್ಮ ವಿದ್ಯಾರ್ಥಿಗಳಿಗೆ ತಿಳಿಯಬೇಡವೇ? ಬಿ.ಎಂ. ಶ್ರೀಕಂಠಯ್ಯನವರು ಇಂಗ್ಲಿಷ್ ಪ್ರಾಧ್ಯಾಪಕರು. ಹೊಸಗನ್ನಡ ಕವಿತೆಗೆ ಹೊಸ ನಡೆ ಬಂದದ್ದು ಅವರ 'ಇಂಗ್ಲಿಷ್ ಗೀತಗಳು' ಮೂಲಕ. ಗೋಕಾಕರು ಇಂಗ್ಲಿಷ್ ಪ್ರಾಧ್ಯಾಪಕರು. ನವ್ಯಕ್ಕೆ ದಾರಿ ತೆರೆದ ಅಡಿಗರು ಇಂಗ್ಲಿಷ್ ಕಲಿಸಿದರು, ಲಂಕೇಶರೂ ಕಲಿಸಿದರು, ಶಾಂತಿನಾಥ ದೇಸಾಯಿಯವರೂ ಕಲಿಸಿದರು. ಹೊಸಗನ್ನಡ ಸಾಹಿತ್ಯದ ದೊಡ್ಡದೊಂದು ಪಾಲು ಇಂಗ್ಲಿಷ್ ವಿಭಾಗಗಳ ಸಿಬ್ಬಂದಿ ಕೊಠಡಿಯಿಂದ ಬಂದಿದೆ. ಕನ್ನಡ ಅಧ್ಯಾಪಕಳಾದ ನನಗೆ ಇದನ್ನು ಹೇಳಲು ಸ್ವಲ್ಪ ಮುಜುಗರವೇ, ಆದರೂ ಸತ್ಯ ಸತ್ಯವೇ. ಅವರನ್ನೆಲ್ಲ ಒಂದೇಟಿಗೆ 'ಕನ್ನಡ ಪ್ರಾಧ್ಯಾಪಕ'ರನ್ನಾಗಿಸುವುದು ಕನ್ನಡಾಭಿಮಾನದಂತೆ ಕಾಣಬಹುದು. ಅದರಿಂದ ಆಗುವುದೇನೆಂದರೆ, ಇಂಗ್ಲಿಷ್ ಕಲಿತವರು ಕನ್ನಡ ಬಿಡಲೇಬೇಕು ಎಂದು ನಂಬಿಕೊಂಡು ಬರುವ ಹದಿನೆಂಟರ ಮಕ್ಕಳಿಗೆ, ಹಾಗೇನಿಲ್ಲ ಎಂದು ತೋರಿಸಬಲ್ಲ ಉದಾಹರಣೆಯೊಂದು ಕಣ್ಮರೆಯಾಗುತ್ತದೆ.

ಅನಂತಮೂರ್ತಿಯವರು ತಮ್ಮ ಸಾಹಿತ್ಯ ವಿಚಾರವನ್ನು ವಿವರಿಸುವಾಗ ಜಗಲಿ ಮತ್ತು ಹಿತ್ತಲಿನ ರೂಪಕವನ್ನು ಬಳಸುತ್ತಿದ್ದರು. ಜಗಲಿಯಲ್ಲಿ ಗಂಡಸರು, ಪಂಚಾಂಗ, ರಾಜಕೀಯ, ಹೊರಗಿನ ಲೋಕದ ಸುದ್ದಿ. ಹಿತ್ತಲಿನಲ್ಲಿ ಹೆಂಗಸರ ಗುಟ್ಟು, ಹಾಡು, ಕಥೆ. ಲೇಖಕನಿಗೆ ಎರಡೂ ಬೇಕು. ಬರೀ ಜಗಲಿಯಲ್ಲಿ ಕೂತವನಿಗೆ ಕಥೆ ಸಿಗುವುದಿಲ್ಲ, ಬರೀ ಹಿತ್ತಲಿನಲ್ಲಿ ಉಳಿದವನಿಗೆ ಅದನ್ನು ದೂರದಿಂದ ನೋಡುವ ಕಣ್ಣು ಬರುವುದಿಲ್ಲ. ಇಂಗ್ಲಿಷ್ ಪಾಠ ಅವರಿಗೆ ಆ ದೂರವನ್ನು ಕೊಟ್ಟಿತು ಎಂಬುದು ನನ್ನ ತಿಳಿವಳಿಕೆ. 'ಪ್ರಜ್ಞೆ ಮತ್ತು ಪರಿಸರ'ದಂಥ ವಿಮರ್ಶಾ ಸಂಕಲನ, 1981ರಲ್ಲಿ ಅವರು ಆರಂಭಿಸಿದ 'ಋಜುವಾತು' ತ್ರೈಮಾಸಿಕ, ಯೇಟ್ಸ್ ಮತ್ತು ರಿಲ್ಕೆಯವರ ಕವಿತೆಗಳನ್ನು ಕನ್ನಡಕ್ಕೆ ತಂದದ್ದು, ಇವೆಲ್ಲ ತರಗತಿಯ ಪಾಠ ಗೋಡೆಯಾಚೆಗೂ ಹಬ್ಬಿದ ರೀತಿಗಳೇ. ಪರಿಚಯದಲ್ಲಿ ಇವು ಯಾವುವೂ ಇಲ್ಲ. 1987ರಿಂದ 1991ರವರೆಗೆ ಕೋಟ್ಟಯಂನ ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದರು ಎಂಬುದೇನೋ ಇದೆ. ಅದೇ ಅವಧಿಯಲ್ಲಿ, 1989ರಲ್ಲಿ, ಆ ಪಟ್ಟಣ ಸಂಪೂರ್ಣ ಸಾಕ್ಷರವೆಂದು ಘೋಷಿತವಾಯಿತು, ಅಕ್ಷರ ಕಲಿಸಲು ವಿದ್ಯಾರ್ಥಿಗಳು ಮನೆಮನೆಗೆ ಹೋದರು ಎಂಬುದು ಇಲ್ಲ. ಪದವಿಯ ಹೆಸರು ಬರೆದು ಕೆಲಸವನ್ನು ಬಿಟ್ಟುಬಿಡುವುದು ನಮ್ಮ ಪಠ್ಯಪುಸ್ತಕಗಳ ಹಳೆಯ ಚಾಳಿ.

ಇನ್ನು ಪಠ್ಯದ ವಿಷಯ. ಹಿಂದಿನ ಪಠ್ಯಕ್ರಮದಲ್ಲಿ ಐಚ್ಛಿಕ ಕನ್ನಡದ ವಿದ್ಯಾರ್ಥಿಗಳಿಗೆ 'ಸಂಸ್ಕಾರ' ಪೂರ್ತಿ ಪಠ್ಯವಾಗಿತ್ತು. ಈಗಿನ ಪಠ್ಯಕ್ರಮದಲ್ಲಿ ಒಂಬತ್ತು ಪುಟಗಳ ಆಯ್ದ ಭಾಗವಿದೆ. ನಾರಣಪ್ಪ ಶಿವಮೊಗ್ಗೆಯಿಂದ ಜ್ವರ ಹೊತ್ತು ಬಂದು ಸತ್ತಿದ್ದಾನೆ. ಬ್ರಾಹ್ಮಣ್ಯವನ್ನು ಧಿಕ್ಕರಿಸಿ ಬದುಕಿದವನ ಹೆಣಕ್ಕೆ ಸಂಸ್ಕಾರ ಮಾಡಬೇಕಾದವರು ಯಾರು ಎಂಬ ಪ್ರಶ್ನೆ ಎದ್ದಿದೆ. ಹೆಣ ಎತ್ತುವವರೆಗೆ ಅಗ್ರಹಾರದಲ್ಲಿ ಯಾರೂ ಊಟ ಮಾಡುವಂತಿಲ್ಲ. ನಾರಣಪ್ಪನ ಜೊತೆ ಬಾಳುತ್ತಿದ್ದ ಚಂದ್ರಿ ಸಂಸ್ಕಾರದ ಖರ್ಚಿಗೆಂದು ತನ್ನ ಒಡವೆಗಳನ್ನು ಬಿಚ್ಚಿ ಇಟ್ಟಿದ್ದಾಳೆ. ಅದುವರೆಗೆ ಬೇಡವೆಂದವರ ಕಣ್ಣು ಈಗ ಬಂಗಾರದ ಮೇಲೆ. ಅಗ್ರಹಾರದ ಪಂಡಿತರಾದ ಪ್ರಾಣೇಶಾಚಾರ್ಯರು ತಾಳೆಗರಿ ತಿರುವಿ ಹಾಕಿ ಉತ್ತರ ಕಾಣದೆ ಮಾರುತಿಯ ಗುಡಿಗೆ ಹೊರಡುತ್ತಾರೆ. ಆಯ್ದ ಭಾಗ ಅಲ್ಲಿಗೆ ಮುಗಿಯುತ್ತದೆ. ಕೆಳಗೆ ಅಭ್ಯಾಸದ ಪ್ರಶ್ನೆಗಳು.

ಈ ವರ್ಷ ಆ ಪಾಠ ಮುಗಿಸಿ ಪುಸ್ತಕ ಮಡಚುವ ಹೊತ್ತಿಗೆ ಮಧ್ಯದ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತಳು. "ಮೇಡಂ, ಕೊನೆಗೆ ಹೆಣ ಸುಟ್ಟಿದ್ದು ಯಾರು?" ಸಹಜವಾದ ಪ್ರಶ್ನೆ. ಮೂರು ತರಗತಿಗಳ ಕಾಲ ನಾವು ಆ ಹೆಣವನ್ನು ಅಗ್ರಹಾರದಲ್ಲಿ ಮಲಗಿಸಿಟ್ಟಿದ್ದೆವು. ಚಂದ್ರಿಯೇ ರಾತ್ರಿ ಹೋಗಿ ಗಾಡಿಯ ಅಹಮದ್ ಬ್ಯಾರಿಯ ನೆರವಿನಿಂದ ಸುಡಿಸಿದಳು, ಆಮೇಲೆ ಕುಂದಾಪುರದ ದಾರಿ ಹಿಡಿದಳು, ಅಗ್ರಹಾರದವರಿಗೆ ಅದರ ಸುಳಿವೂ ಇರಲಿಲ್ಲ ಎಂದೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಹಿಂದಿನ ಬೆಂಚಿನಿಂದ ಒಂದು ದನಿ ಬಂತು: "ಹಂಗಾದ್ರೆ ಇವ್ರು ಅಷ್ಟೆಲ್ಲ ಶಾಸ್ತ್ರ ಹುಡುಕಿದ್ದು ಯಾಕೆ ಮೇಡಂ?"

ಮಾನ್ಯರೇ, ಅರವತ್ತು ವರ್ಷಗಳಿಂದ ವಿಮರ್ಶಕರು ಈ ಕಾದಂಬರಿಯನ್ನು ಸುತ್ತಿ ಬಂದು ಕೇಳಿದ್ದೂ ಹೆಚ್ಚುಕಡಿಮೆ ಇದೇ ಪ್ರಶ್ನೆಯನ್ನು. ವರ್ಷವಿಡೀ ಹಿಂದಿನ ಬೆಂಚಿನಲ್ಲಿ ಮೊಬೈಲು ಬಚ್ಚಿಟ್ಟುಕೊಂಡು ಕೂತಿದ್ದ ಹುಡುಗ ಅದನ್ನು ಕೇಳಿದ. ಅವನಿಗೆ ಉತ್ತರ ಹುಡುಕಿಕೊಳ್ಳಲು ಬೇಕಾದ ಪುಟಗಳು ತಾವು ಕೊಟ್ಟ ಪುಸ್ತಕದಲ್ಲಿ ಇಲ್ಲ.

ಉಳಿದ ಭಾಗದಲ್ಲಿ ಏನಿದೆಯೆಂಬುದನ್ನು ತಮಗೆ ವಿವರಿಸಿ ಹೇಳಬೇಕಿಲ್ಲ. ಗುಡಿಯಿಂದ ಬರಿಗೈಯಲ್ಲಿ ಮರಳುವಾಗ ಕಾಡಿನ ಕತ್ತಲಲ್ಲಿ ಆಚಾರ್ಯರು ಚಂದ್ರಿಯನ್ನು ಕೂಡುತ್ತಾರೆ. ರೋಗಿಷ್ಟ ಹೆಂಡತಿ ಭಾಗೀರಥಿ ಪ್ಲೇಗಿಗೆ ಬಲಿಯಾಗುತ್ತಾಳೆ. ಊರು ಬಿಟ್ಟು ನಡೆಯುವ ಆಚಾರ್ಯರಿಗೆ ಮಾಲೇರ ಪುಟ್ಟ ಗಂಟುಬೀಳುತ್ತಾನೆ. ಬಿಡಿಸಿಕೊಳ್ಳಲೂ ಆಗದ, ಜೊತೆಗಿರಿಸಿಕೊಳ್ಳಲೂ ಆಗದ ಆ ಮಾತುಗಾರ ಅವರನ್ನು ಮೇಳಿಗೆಯ ತೇರಿಗೆ ಕರೆದೊಯ್ಯುತ್ತಾನೆ. ಕೋಳಿ ಅಂಕ, ಕಾಫಿ, ಜನಜಂಗುಳಿ. ಸೂತಕದಲ್ಲಿದ್ದುಕೊಂಡೇ ದೇವಸ್ಥಾನದ ಪಂಕ್ತಿಯಲ್ಲಿ ಊಟಕ್ಕೆ ಕೂತವರು ಗುರುತು ಸಿಕ್ಕಾಗ ಎದ್ದು ಓಡುತ್ತಾರೆ. ಕೊನೆಗೆ ತಮ್ಮ ಅಗ್ರಹಾರವಾದ ದೂರ್ವಾಸಪುರಕ್ಕೆ (ಕಾದಂಬರಿಯ ಅಗ್ರಹಾರಕ್ಕೂ ಅದೇ ಹೆಸರು) ಮರಳುವ ಗಾಡಿ ಹತ್ತುತ್ತಾರೆ. ಅಲ್ಲಿ ಹೋಗಿ ಏನು ಹೇಳುತ್ತಾರೆ ಎಂಬುದನ್ನು ಕಾದಂಬರಿ ತಿಳಿಸುವುದಿಲ್ಲ. ಮೊದಲ ಒಂಬತ್ತು ಪುಟ ಮಾತ್ರ ಓದಿದವರಿಗೆ ಇದು ಹಳೆಯ ಕಾಲದ ಅಗ್ರಹಾರವೊಂದರ ಕುಚೋದ್ಯದ ಚಿತ್ರ. ಇಡಿಯಾಗಿ ಓದಿದವರಿಗೆ ಇದು ತನ್ನನ್ನೇ ತಾನು ಕಟ್ಟಿಕೊಂಡ ಮನುಷ್ಯನೊಬ್ಬ ಕಳಚಿಬೀಳುವ ಕಥೆ. ಎರಡೂ ಒಂದೇ ಪುಸ್ತಕವಲ್ಲ.

ಶೀರ್ಷಿಕೆಯನ್ನೇ ತೆಗೆದುಕೊಳ್ಳಿ. ಎ.ಕೆ. ರಾಮಾನುಜನ್ ಅವರು 1976ರಲ್ಲಿ ಇದನ್ನು ಇಂಗ್ಲಿಷಿಗೆ ತಂದಾಗ 'ಸಂಸ್ಕಾರ' ಎಂಬ ಪದವನ್ನು ಅನುವಾದಿಸದೆ ಹಾಗೆಯೇ ಉಳಿಸಿಕೊಂಡು, ಪುಸ್ತಕದ ಆರಂಭದಲ್ಲಿ ಕಿಟ್ಟೆಲ್ ನಿಘಂಟಿನ ಅರ್ಥಗಳನ್ನು ಕೊಟ್ಟರು. ಶವಕ್ಕೆ ಮಾಡುವ ಕ್ರಿಯೆ, ಮನಸ್ಸಿನ ಹದ, ಹಿಂದಿನಿಂದ ಉಳಿದು ಬಂದ ಛಾಪು, ಎಲ್ಲವೂ ಆ ಒಂದು ಪದದಲ್ಲಿ ಇವೆ. ನಮ್ಮ ಪಠ್ಯಪುಸ್ತಕದ 'ಪದಗಳ ಅರ್ಥ' ವಿಭಾಗದಲ್ಲಿ 'ಸಂಸ್ಕಾರ = ಅಂತ್ಯಕ್ರಿಯೆ' ಎಂದಷ್ಟೇ ಇದೆ. ಆಯ್ದ ಭಾಗದ ಮಟ್ಟಿಗೆ ಅದು ಸರಿಯೂ ಹೌದು! ಪುಸ್ತಕ ಕತ್ತರಿಸಿದರೆ ಪದವೂ ಕತ್ತರಿಸಿಹೋಗುತ್ತದೆ ಎಂಬುದಕ್ಕೆ ಇದಕ್ಕಿಂತ ನೇರವಾದ ಪುರಾವೆ ನನಗೆ ಸಿಕ್ಕಿಲ್ಲ.

ಕತ್ತರಿಸಿದ್ದಕ್ಕೆ ಕಾರಣಗಳನ್ನು ನಾನು ಅಧಿಕೃತವಾಗಿ ಕೇಳಿಲ್ಲ, ತಾವು ಪ್ರಕಟಿಸಿಯೂ ಇಲ್ಲ. ಕಾರ್ಯಾಗಾರದ ಚಹಾ ವಿರಾಮದಲ್ಲಿ ಕಿವಿಗೆ ಬಿದ್ದದ್ದು ಮೂರು ಮಾತು. ಒಂದು, ವಿದ್ಯಾರ್ಥಿಗಳು ಇಡೀ ಕಾದಂಬರಿ ಓದುವುದಿಲ್ಲ. ಓದುವುದಿಲ್ಲ, ನಿಜ, ಜೆರಾಕ್ಸ್ ಅಂಗಡಿಯ ಗೈಡಿನಲ್ಲಿ 'ಪ್ರಾಣೇಶಾಚಾರ್ಯರ ಪಾತ್ರಚಿತ್ರಣ' ಹತ್ತು ಅಂಕಕ್ಕೆ ಸಿದ್ಧವಾಗಿ ಸಿಗುವಾಗ ಯಾರು ತಾನೆ ಓದಿಯಾರು? ಅದು ನಾವು ಕೇಳುವ ಪ್ರಶ್ನೆಗಳ ದೋಷ. 'ಸಂಸ್ಕಾರ' ರಜೆಯ ಒಂದು ದಿನದಲ್ಲಿ ಓದಿ ಮುಗಿಸಬಹುದಾದ ಸಣ್ಣ ಕಾದಂಬರಿ. ಎರಡು, ಕಾದಂಬರಿಯಲ್ಲಿ ತರಗತಿಗೆ ಮುಜುಗರ ತರುವ ಸನ್ನಿವೇಶಗಳಿವೆ. 1970ರಲ್ಲಿ ಇದು ಪಟ್ಟಾಭಿರಾಮ ರೆಡ್ಡಿಯವರ ನಿರ್ದೇಶನದಲ್ಲಿ ಚಲನಚಿತ್ರವಾದಾಗ ಸೆನ್ಸಾರಿನವರೂ ಮೊದಲು ತಡೆದಿದ್ದರು. ಆಮೇಲೆ ಬಿಡುಗಡೆಯಾಗಿ ದೇಶದ ಅತ್ಯುತ್ತಮ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಪಡೆಯಿತು. ಅಂದು ಸೆನ್ಸಾರು ಮಂಡಳಿ ಬಿಟ್ಟುಕೊಟ್ಟದ್ದನ್ನು ಇಂದು ಅಧ್ಯಯನ ಮಂಡಳಿ ಹಿಡಿದು ನಿಲ್ಲಬಾರದು.

ಮೂರನೆಯದನ್ನು ಯಾರೂ ಗಟ್ಟಿಯಾಗಿ ಹೇಳಲಿಲ್ಲ. ಅನಂತಮೂರ್ತಿಯವರು ಕೊನೆಯ ವರ್ಷಗಳಲ್ಲಿ ಆಡಿದ ರಾಜಕೀಯ ಮಾತುಗಳ ಬಗ್ಗೆ ಕೆಲವರಿಗೆ ಇನ್ನೂ ಸಿಟ್ಟಿದೆ. ಇರಲಿ. ಅವರ ಎಲ್ಲ ನಿಲುವುಗಳನ್ನು ನಾನೂ ಒಪ್ಪುವುದಿಲ್ಲ. ಚಂದ್ರಿಯ ಪಾತ್ರವನ್ನು ಅವರು ಬರೆದ ರೀತಿಯ ಬಗ್ಗೆ ನನಗೆ ತಕರಾರಿದೆ. ಬ್ರಾಹ್ಮಣ ಹೆಂಗಸರೆಲ್ಲ ಬತ್ತಿಹೋದವರು, ಕೆಳಜಾತಿಯ ಹೆಂಗಸರೆಲ್ಲ ಸೊಂಪಾದವರು ಎಂಬ ಆ ನೋಟ ಗಂಡಸಿನ ಜಗಲಿಯಿಂದ ಬಂದದ್ದು, ಹಿತ್ತಲಿನದ್ದಲ್ಲ. ಇದನ್ನು ತರಗತಿಯಲ್ಲಿ ಹೇಳುತ್ತೇನೆ, ವಿದ್ಯಾರ್ಥಿನಿಯರು ನನಗಿಂತ ಖಾರವಾಗಿ ಹೇಳುತ್ತಾರೆ. ಆದರೆ ಜಗಳವಾಡಲಿಕ್ಕಾದರೂ ಪುಸ್ತಕ ಕೈಯಲ್ಲಿರಬೇಕು. ಒಳಗಿದ್ದುಕೊಂಡೇ ಪ್ರಶ್ನಿಸುವವನು ತಾನೆಂದು ಹೇಳಿಕೊಳ್ಳುತ್ತಿದ್ದ ಲೇಖಕನ ಜೊತೆ ನಾವು ವ್ಯವಹರಿಸಬೇಕಾದ ರೀತಿಯೂ ಅದೇ ಅಲ್ಲವೇ?

ಆದ್ದರಿಂದ ನನ್ನ ಬೇಡಿಕೆಗಳು ಹೀಗಿವೆ. ಲೇಖಕರ ಪರಿಚಯದಲ್ಲಿನ ತಪ್ಪನ್ನು ಮರುಮುದ್ರಣದವರೆಗೆ ಕಾಯದೆ, ಎಲ್ಲ ಕಾಲೇಜುಗಳಿಗೆ ಸುತ್ತೋಲೆ ಕಳುಹಿಸಿ ಕೂಡಲೇ ತಿದ್ದಬೇಕು. ಆ ಒಂದು ಅಂಕದ ಪ್ರಶ್ನೆಗೆ 'ಇಂಗ್ಲಿಷ್' ಎಂದು ಬರೆದವರೆಲ್ಲರಿಗೂ ಅಂಕ ಸಿಗುವಂತೆ ಪರೀಕ್ಷಾ ವಿಭಾಗಕ್ಕೆ ಶಿಫಾರಸು ಮಾಡಬೇಕು. ಒಂದು ಅಂಕಕ್ಕೆ ಇಷ್ಟು ದೊಡ್ಡ ಪತ್ರವೇ ಎಂದು ನಗಬೇಡಿ, ಮೂವತ್ತೈದಕ್ಕೆ ಒಂದು ಕಡಿಮೆಯಾಗಿ ನಪಾಸಾದವರನ್ನು ನಾನು ನೋಡಿದ್ದೇನೆ. ಮುಂದಿನ ಶೈಕ್ಷಣಿಕ ವರ್ಷದಿಂದ ಐಚ್ಛಿಕ ಕನ್ನಡಕ್ಕೆ 'ಸಂಸ್ಕಾರ'ವನ್ನು ಇಡಿಯಾಗಿ ಮರಳಿಸಬೇಕು. ಅದು ಸಾಧ್ಯವೇ ಇಲ್ಲವೆಂದಾದರೆ ಬೇರೆ ದಾರಿಯಿದೆ: ಕತ್ತರಿಸಿದ ಕಾದಂಬರಿಯ ಬದಲು ಅವರ ಪೂರ್ಣ ಕಥೆಯೊಂದನ್ನು ಕೊಡಿ. 'ಘಟಶ್ರಾದ್ಧ' ಇದೆ, 'ಸೂರ್ಯನ ಕುದುರೆ' ಇದೆ. ಅರ್ಧ ಕಾದಂಬರಿಗಿಂತ ಇಡೀ ಸಣ್ಣಕಥೆ ಮೇಲು.

ಕೊನೆಯದಾಗಿ, ಪಠ್ಯದ ಕರಡನ್ನು ಅಂತಿಮಗೊಳಿಸುವ ಮುನ್ನ ಅದನ್ನು ನಿಜವಾಗಿ ಪಾಠ ಮಾಡುವವರಿಗೆ, ನನ್ನಂಥ ಅತಿಥಿ ಉಪನ್ಯಾಸಕರೂ ಸೇರಿದಂತೆ, ತೋರಿಸಿ ಹದಿನೈದು ದಿನಗಳ ಕಾಲಾವಕಾಶ ಕೊಡಬೇಕು. ಹತ್ತೊಂಬತ್ತು ವರ್ಷ ಪಾಠ ಮಾಡಿದ್ದೇನೆ, ಒಮ್ಮೆಯೂ ಯಾರೂ ಕೇಳಿಲ್ಲ. ಕೇಳಿದ್ದರೆ 'ಕನ್ನಡ ಪ್ರಾಧ್ಯಾಪಕ' ಎಂಬ ಸಾಲು ಮೊದಲ ಓದಿನಲ್ಲೇ ಸಿಕ್ಕಿಬೀಳುತ್ತಿತ್ತು.

ತಾವು ತೀರ್ಮಾನ ಕೈಗೊಳ್ಳುವವರೆಗೆ ಕಾಲೇಜು ಗ್ರಂಥಾಲಯದಲ್ಲಿರುವ 'ಸಂಸ್ಕಾರ'ದ ಆರು ಹಳೆಯ ಪ್ರತಿಗಳನ್ನು ಶನಿವಾರ ಮಧ್ಯಾಹ್ನ, ತರಗತಿಗಳು ಮುಗಿದ ಮೇಲೆ, ಹದಿನಾಲ್ಕು ಮಂದಿ ಹಂಚಿಕೊಂಡು ಓದುತ್ತಿದ್ದೇವೆ. ಹೆಣ ಸುಟ್ಟದ್ದು ಯಾರು ಎಂದು ಕೇಳಿದ ಹುಡುಗಿ ಜೋರಾಗಿ ಓದುತ್ತಾಳೆ. ಕಳೆದ ವಾರ ಪುಟ್ಟ ಗಂಟುಬಿದ್ದಿದ್ದಾನೆ, ತೇರಿಗೆ ಇನ್ನೂ ತಲುಪಿಲ್ಲ. ಮಂಡಳಿಯ ಸದಸ್ಯರಲ್ಲಿ ಯಾರಾದರೂ ಬರುವುದಾದರೆ ಮುಂದಿನ ಶನಿವಾರ ಎರಡೂವರೆಗೆ ಕೊಠಡಿ ತೆರೆದಿರುತ್ತದೆ.

ಇಂತು ತಮ್ಮ ವಿಶ್ವಾಸಿ,
ಪದವಿ ಕಾಲೇಜೊಂದರ ಕನ್ನಡ ಅತಿಥಿ ಉಪನ್ಯಾಸಕಿ